ಜಡ್ಜ್‌ಗಳಿಗೂ ರೂಲ್ಸ್ ಇದೆಯಾ? ‘ಬೆಂಗಳೂರು ತತ್ವಗಳ’ ಕಥೆ

ನಮ್ಮನ್ನೆಲ್ಲ ವಿಚಾರಿಸೋಕೆ ಜಡ್ಜ್ ಇದ್ದಾರೆ. ಜಡ್ಜ್‌ನ ವಿಚಾರಿಸೋರು ಯಾರು? ಇವತ್ತಿನ ಎಪಿಸೋಡ್‌ನಲ್ಲಿ ಈ ಪ್ರಶ್ನೆಯ ಇತಿಹಾಸ ಹೇಳ್ತೀನಿ.

1993ರ ಮೇ 11. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರ ಪದಚ್ಯುತಿ ನಿರ್ಣಯ ಲೋಕಸಭೆಯಲ್ಲಿ ಮತಕ್ಕೆ ಬಂತು. ಪಂಜಾಬ್–ಹರಿಯಾಣ ಹೈಕೋರ್ಟ್‌ನ ಮುಖ್ಯ ನ್ಯಾಯಮೂರ್ತಿಯಾಗಿದ್ದಾಗ ಅಧಿಕೃತ ನಿವಾಸಕ್ಕೆ ಸರ್ಕಾರಿ ಹಣವನ್ನು ಬೇಕಾಬಿಟ್ಟಿ ಖರ್ಚು ಮಾಡಿದರು ಎಂಬುದು ಆರೋಪ. ಹಲವು ಆರೋಪಗಳು ಸಾಬೀತಾಗಿವೆ ಎಂದು ವಿಚಾರಣಾ ಸಮಿತಿ ಹೇಳಿತ್ತು. ನಿರ್ಣಯದ ಪರ 196 ಮತ, ವಿರುದ್ಧ ಸೊನ್ನೆ. ಆದ್ರೂ ನಿರ್ಣಯ ಬಿದ್ದುಹೋಯ್ತು! ಯಾಕಂದ್ರೆ ಸದನದ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಪ್ಪಲೇಬೇಕು. ಕಾಂಗ್ರೆಸ್ ಮತ್ತು ಮಿತ್ರಪಕ್ಷಗಳ 205 ಸದಸ್ಯರು ಮತವನ್ನೇ ಹಾಕಲಿಲ್ಲ.

ಕೆಲಸದಿಂದ ತೆಗೆಯೋದು ಇಷ್ಟು ಕಷ್ಟ. ಹಾಗಾದ್ರೆ ಸಣ್ಣಪುಟ್ಟ ತಪ್ಪುಗಳ ಗತಿ?

1997ರ ಮೇ 7ರಂದು ಸುಪ್ರೀಂ ಕೋರ್ಟ್ ತಾನೇ 16 ಅಂಶಗಳ ನೀತಿಸಂಹಿತೆ ಒಪ್ಪಿಕೊಂಡಿತು. ಅದರಲ್ಲಿರೋದು ದೊಡ್ಡ ದೊಡ್ಡ ಮಾತಲ್ಲ, ದಿನನಿತ್ಯದ ವಿಷಯ. ಮಗನೋ ಮಗಳೋ ವಕೀಲರಾಗಿದ್ದರೆ ನಿಮ್ಮೆದುರು ವಾದ ಮಾಡುವಂತಿಲ್ಲ. ನಿಮ್ಮ ಬಂಗಲೆಯಲ್ಲಿ ಕಕ್ಷಿದಾರರನ್ನು ಕೂರಿಸುವಂತಿಲ್ಲ. ಬಂಧುಗಳು, ಆಪ್ತರಲ್ಲದವರಿಂದ ಉಡುಗೊರೆ ಬೇಡ. ನಿಮ್ಮ ಷೇರು ಇರುವ ಕಂಪನಿಯ ಕೇಸ್ ಬಂದರೆ ಅದನ್ನು ಬಹಿರಂಗವಾಗಿ ಹೇಳಿ. ಯಾರದ್ದೂ ಆಕ್ಷೇಪ ಇಲ್ಲದಿದ್ದರೆ ಮಾತ್ರ ಕೇಳಿ. ಮಾಧ್ಯಮಗಳಿಗೆ ಸಂದರ್ಶನ ಕೊಡಬೇಡಿ, ತೀರ್ಪೇ ಮಾತಾಡಲಿ.

ಈಗ ನಮ್ಮೂರಿಗೆ ಬರೋಣ. 2001ರ ಫೆಬ್ರವರಿಯಲ್ಲಿ ಏಷ್ಯಾ, ಆಫ್ರಿಕಾದ ಹಿರಿಯ ನ್ಯಾಯಮೂರ್ತಿಗಳು ಬೆಂಗಳೂರಲ್ಲಿ ಸೇರಿದರು. ಅಧ್ಯಕ್ಷತೆ ಶ್ರೀಲಂಕಾದ ಕ್ರಿಸ್ಟೋಫರ್ ವೀರಮಂತ್ರಿ ಅವರದ್ದು. ಇಲ್ಲಿ ಸಿದ್ಧವಾದ ಕರಡು 2002ರ ನವೆಂಬರ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿ ಅಂತಿಮ ರೂಪ ಪಡೆಯಿತು. ಸ್ವಾತಂತ್ರ್ಯ, ನಿಷ್ಪಕ್ಷಪಾತ, ಪ್ರಾಮಾಣಿಕತೆ, ಔಚಿತ್ಯ, ಸಮಾನತೆ, ದಕ್ಷತೆ – ಈ ಆರು ಮೌಲ್ಯಗಳ ಸಂಹಿತೆಗೆ ಇವತ್ತಿಗೂ ‘ಬೆಂಗಳೂರು ತತ್ವಗಳು’ ಅಂತಲೇ ಹೆಸರು. 2006ರಲ್ಲಿ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿ ಇದನ್ನು ಗಮನಕ್ಕೆ ತೆಗೆದುಕೊಳ್ಳಲು ತಮ್ಮ ನ್ಯಾಯಾಂಗವನ್ನು ಪ್ರೋತ್ಸಾಹಿಸುವಂತೆ ದೇಶಗಳಿಗೆ ಕರೆ ಕೊಟ್ಟಿತು.

ಮುರಿದರೆ ಶಿಕ್ಷೆ? ಇಲ್ಲೇ ಇರೋದು ತೊಡಕು. 1997ರ ಸಂಹಿತೆಯಲ್ಲಿ ಶಿಕ್ಷೆಯ ಮಾತಿಲ್ಲ. 1999ರಲ್ಲಿ ಬಂದ ಆಂತರಿಕ ವಿಚಾರಣೆಯ ದಾರಿಯಲ್ಲಿ, ರಾಜೀನಾಮೆ ಕೊಡಿ ಅನ್ನಬಹುದು, ಕೇಸ್ ಹಂಚದೇ ಇರಬಹುದು. ಪದಚ್ಯುತಿಗೆ ಮತ್ತೆ ಸಂಸತ್ತೇ ಬೇಕು. ಹಾಗಂತ ಜಡ್ಜ್‌ನ ಸುಲಭವಾಗಿ ತೆಗೆಯುವಂತಾದರೆ, ಸರ್ಕಾರದ ವಿರುದ್ಧ ತೀರ್ಪು ಕೊಡೋರು ಯಾರು?

ಅದಕ್ಕೇ ನನಗೆ ಆ ಪಟ್ಟಿಯ 16ನೇ ಅಂಶ ಮುಖ್ಯ ಅನ್ಸುತ್ತೆ: ಜನರ ಕಣ್ಣು ತನ್ನ ಮೇಲಿದೆ ಅನ್ನೋದನ್ನ ನ್ಯಾಯಾಧೀಶರು ಸದಾ ನೆನಪಿಟ್ಟಿರಬೇಕು. ಕರ್ನಾಟಕ ಹೈಕೋರ್ಟ್ ಕಲಾಪ ಈಗ ಯೂಟ್ಯೂಬ್‌ನಲ್ಲಿ ಲೈವ್ ಬರುತ್ತೆ. ಒಂದು ದಿನ ಅರ್ಧ ಗಂಟೆ ನೋಡಿ.