ಗಂಜೀಫದ ಮೊದಲ ಎಲೆ

ಗಂಜೀಫದ ಎಲೆಯನ್ನು ಕೈಯಾರೆ ಮಾಡಿ ನೋಡೋಣವೆಂದು ಹೊರಟಾಗ ನಾನು ಮೊದಲು ಕೊಂಡದ್ದು ಬೆಲೆಬಾಳುವ ಬಣ್ಣ. ಅದೇ ತಪ್ಪಾಯಿತು. ಇತಿಹಾಸವನ್ನು ಕೇಳಿದ್ದರೆ, ‘ಮೊದಲು ಎಲೆ, ಆಮೇಲೆ ಬಣ್ಣ’ ಎನ್ನುತ್ತಿತ್ತು.

1527ರಲ್ಲಿ ಬಾಬರನು ಸಿಂಧಿಗೆ ಗಂಜೀಫ ಕಳುಹಿಸಿದ ಸಂಗತಿ ಅವನ ಆತ್ಮಕಥೆಯಲ್ಲಿದೆ. ಸಿರಿವಂತರ ಎಲೆ ದಂತದ್ದು, ಆಮೆಚಿಪ್ಪಿನದು. ಬಡವರದು ಬಟ್ಟೆಯದು, ಕಾಗದದ್ದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಈ ಬಗೆಯ ಆಟಗಳನ್ನು ವರ್ಣಿಸಿದ್ದಾರೆ. ದಶಾವತಾರದ ಕಟ್ಟಿನಲ್ಲಿ ಅವತಾರಕ್ಕೆ ಹನ್ನೆರಡರಂತೆ 120 ಎಲೆ.

ಒಡಿಶಾದ ಚಿತ್ರಕಾರರು ಹಳೆಯ ಹತ್ತಿಬಟ್ಟೆಯ ಪದರಗಳನ್ನು ಹುಣಿಸೆಬೀಜದ ಅಂಟಿನಿಂದ ಕೂಡಿಸಿ, ಸೀಮೆಸುಣ್ಣದ ಪುಡಿ ಬಳಿದು, ಒಣಗಿಸಿ, ಕಲ್ಲಿನಿಂದ ಉಜ್ಜಿ ನಯಮಾಡುತ್ತಾರೆ. ದುಂಡಗೆ ಕತ್ತರಿಸಿ ಬಣ್ಣ ಹಚ್ಚುತ್ತಾರೆ. ಕೊನೆಗೆ ಅರಗಿನ ಲೇಪ. ನಾನೋ, ಒಣಗುವ ಮೊದಲೇ ಕುಂಚ ಹಿಡಿದೆ. ನನ್ನ ಮತ್ಸ್ಯಾವತಾರ ಹಪ್ಪಳದಂತೆ ಸುರುಟಿಕೊಂಡಿತು!

ಹೊಸಬರಿಗೆ ಹಳೆಯ ಪಂಚೆಯ ತುಂಡು, ಹುಣಿಸೆಬೀಜದ ಅಂಟು, ಸೀಮೆಸುಣ್ಣ, ನುಣುಪುಗಲ್ಲು, ಹರಿತವಾದ ಕತ್ತರಿ, ಸಣ್ಣದೊಂದು ಕುಂಚ ಸಾಕು; ಬೆಲೆಬಾಳುವ ಬಣ್ಣ ಕಾಯಲಿ. ಅಚ್ಚಿನ ಇಸ್ಪೀಟು ಬಂದು ಗಂಜೀಫದ ಕೈಗಳನ್ನು ಮೂಲೆಗೆ ತಳ್ಳಿತು. 120 ಎಲೆ ನಮ್ಮಿಂದಾಗದಿರಬಹುದು. ಒಂದನ್ನಾದರೂ ಮಾಡಿದರೆ ಆ ಕೈಗಳ ಬೆಲೆ ತಿಳಿದೀತು.