ಗುಜರಾತಿನ ಪಾಂಜರಾಪೋಳ್ ಪರಂಪರೆ ಮತ್ತು ನಾಯಿಯ ಆರೈಕೆಯ ಹೊಣೆ

ಮನೆಯವರು ಪರಊರಿಗೆ ಹೊರಟಾಗ ಸಾಕುನಾಯಿಯನ್ನು ಕೆಲವು ದಿನಗಳ ಮಟ್ಟಿಗೆ ವಹಿಸಿಕೊಳ್ಳುವ ಬೋರ್ಡಿಂಗ್ ಕೇಂದ್ರಗಳು ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಈಚಿನ ಬೆಳವಣಿಗೆಯಾಗಿದ್ದರೂ, ಪ್ರಾಣಿಯೊಂದನ್ನು ಅದರ ಒಡೆಯರಲ್ಲದವರು ಹೊಣೆ ಹೊತ್ತು ಸಲಹಬೇಕೆಂಬ ಕಲ್ಪನೆ ಗುಜರಾತಿನ ನಗರಜೀವನದಲ್ಲಿ ಶತಮಾನಗಳಷ್ಟು ಹಳೆಯದು. ಮುದಿಯಾದ, ಕುಂಟಾದ, ರೋಗ ಹತ್ತಿದ ಪ್ರಾಣಿಗಳನ್ನು ಕೊನೆಯುಸಿರಿನವರೆಗೆ ಸಾಕಲು ವ್ಯಾಪಾರಿಗಳ ಹಣದಿಂದ ನಡೆಯುತ್ತಿದ್ದ, ಇಂದಿಗೂ ನಡೆಯುತ್ತಿರುವ ಆವರಣಕ್ಕೆ ಅಲ್ಲಿ ಪಾಂಜರಾಪೋಳ್ ಎಂದು ಹೆಸರು. ಮೈಸೂರಿನ ಪಿಂಜರಾಪೋಲ್ ಸಂಸ್ಥೆಯ ಮೂಲಕ ಈ ಹೆಸರು ಕನ್ನಡಿಗರಿಗೂ ಪರಿಚಿತವಾಗಿದೆ. ಈ ಸಂಸ್ಥೆಗಳ ಇತಿಹಾಸವನ್ನು ನಾಯಿಯನ್ನು ಮುಂದಿಟ್ಟುಕೊಂಡು ಓದಿದರೆ, ಜೀವ ಉಳಿಸುವುದಕ್ಕೂ ಆ ಜೀವವನ್ನು ಅರಿತು ಆರೈಕೆ ಮಾಡುವುದಕ್ಕೂ ಇರುವ ಅಂತರ ಸ್ಪಷ್ಟವಾಗುತ್ತದೆ.

ಹನ್ನೆರಡನೆಯ ಶತಮಾನದಲ್ಲಿ ಪಾಟಣವನ್ನು ರಾಜಧಾನಿಯಾಗಿಸಿಕೊಂಡು ಆಳಿದ ಚೌಲುಕ್ಯ ದೊರೆ ಕುಮಾರಪಾಲನು ಜೈನ ಆಚಾರ್ಯ ಹೇಮಚಂದ್ರನ ಪ್ರಭಾವದಿಂದ ಪ್ರಾಣಿವಧೆಯನ್ನು ನಿಷೇಧಿಸಿದನೆಂದು ಜೈನ ಪರಂಪರೆ ಹೇಳುತ್ತದೆ. ಮುಂದೆ ಈ ಅಹಿಂಸಾಧರ್ಮವನ್ನು ದಿನನಿತ್ಯದ ವ್ಯವಸ್ಥೆಯಾಗಿ ಬೆಳೆಸಿದವರು ಮಹಾಜನರು, ಅಂದರೆ ಒಂದೊಂದು ವ್ಯಾಪಾರದ ವರ್ತಕರು ಕೂಡಿ ಕಟ್ಟಿಕೊಂಡ ಸಂಘಗಳವರು. ಅವರು ಹತ್ತಿ, ಧಾನ್ಯ ಮೊದಲಾದ ಸರಕುಗಳ ವಹಿವಾಟಿನ ಮೇಲೆ 'ಲಾಗಾ' ಎಂಬ ಸಣ್ಣ ವಂತಿಗೆಯನ್ನು ವಿಧಿಸಿ, ಅದರಿಂದ ಪಾಂಜರಾಪೋಳ್‌ನ ಮೇವು ಮತ್ತು ಆಳುಗಳ ಖರ್ಚನ್ನು ತೂಗಿಸುತ್ತಿದ್ದರು. ಧಾನ್ಯದಲ್ಲಿ ಸಿಕ್ಕ ಹುಳುಗಳಿಗೂ ಕೆಲವೆಡೆ 'ಜೀವಾತ್‌ಖಾನಾ' ಎಂಬ ಪ್ರತ್ಯೇಕ ಕೋಣೆಯನ್ನು ಮೀಸಲಿಟ್ಟಿದ್ದರು ಎಂಬುದರಿಂದ ಆ ಕರುಣೆಯ ವ್ಯಾಪ್ತಿಯನ್ನು ಊಹಿಸಬಹುದು.

ವಿದೇಶೀ ಪ್ರವಾಸಿಗಳ ಬರಹಗಳಲ್ಲಿ ಈ ವ್ಯವಸ್ಥೆಯ ವಿವರಗಳು ಉಳಿದಿವೆ. 1583ರಲ್ಲಿ ಭಾರತಕ್ಕೆ ಬಂದ ಇಂಗ್ಲಿಷ್ ವರ್ತಕ ರಾಲ್ಫ್ ಫಿಚ್, ಖಂಭಾತದಲ್ಲಿ ಕುಂಟ ನಾಯಿಗಳಿಗೂ ಬೆಕ್ಕುಗಳಿಗೂ ಹಕ್ಕಿಗಳಿಗೂ ಆಸ್ಪತ್ರೆಗಳಿದ್ದುದನ್ನು ದಾಖಲಿಸಿದನು. 1623ರಲ್ಲಿ ಅದೇ ಪಟ್ಟಣಕ್ಕೆ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ, ತಾಯಿಯಿಲ್ಲದ ಪುಟ್ಟ ಇಲಿಮರಿಗಳಿಗೆ ಕನ್ನಡಕ ಹಾಕಿಕೊಂಡ ವೃದ್ಧನೊಬ್ಬ ಹಕ್ಕಿಯ ಗರಿಯಿಂದ ಹಾಲುಣಿಸುತ್ತಿದ್ದುದನ್ನು ಕಂಡು ಬರೆದನು. 1772ರ ಸೂರತ್‌ನ ಪ್ರಾಣಿ ಆಸ್ಪತ್ರೆಯನ್ನು ವರ್ಣಿಸಿದ ಬ್ರಿಟಿಷ್ ಬರಹಗಾರ ಜೇಮ್ಸ್ ಫೋರ್ಬ್ಸ್, ಎತ್ತರದ ಗೋಡೆಗಳ ನಡುವೆ ಅಂಗಳಗಳನ್ನು ಬೇರೆ ಬೇರೆಯಾಗಿ ವಿಂಗಡಿಸಿದ್ದುದನ್ನೂ, ಎಪ್ಪತ್ತೈದು ವರ್ಷಗಳಿಂದ ಅಲ್ಲಿಯೇ ಬದುಕಿದ್ದ ಮುದಿ ಆಮೆಯೊಂದನ್ನೂ ಉಲ್ಲೇಖಿಸಿದ್ದಾನೆ. ಇವರೆಲ್ಲರೂ ಸಂಸ್ಥೆಯ ವಿಸ್ತಾರಕ್ಕೆ ಬೆರಗಾಗಿದ್ದಾರೆ. ಆದರೆ ಆರೈಕೆಯ ನಿಜವಾದ ಗುಣ ಕಾಣಿಸುವುದು ಗರಿಯ ತುದಿಯಲ್ಲಿ ಹಾಲು ಹಿಡಿದ ಆ ವೃದ್ಧನ ಸಹನೆಯಲ್ಲಿಯೇ.

ನಾಯಿಯ ವಿಷಯದಲ್ಲಿ ಗುಜರಾತಿನ ಮತ್ತೊಂದು ಸಮುದಾಯವಾದ ಪಾರ್ಸಿಗಳ ಪಾತ್ರವೂ ಗಣನೀಯವಾಗಿದೆ. ಜರತುಷ್ಟ್ರ ಧರ್ಮದಲ್ಲಿ ನಾಯಿಗೆ ಪೂಜ್ಯ ಸ್ಥಾನವಿದ್ದು, ಅಂತ್ಯಸಂಸ್ಕಾರದ ವೇಳೆ ಶವದ ಮೇಲೆ ನಾಯಿಯ ದೃಷ್ಟಿ ಬೀಳಿಸುವ 'ಸಗ್‌ದೀದ್' ಎಂಬ ವಿಧಿಯಿದೆ. ಮುಂಬಯಿಯಲ್ಲಿ ಬ್ರಿಟಿಷ್ ಆಡಳಿತವು ಬೀದಿನಾಯಿಗಳನ್ನು ಕೊಲ್ಲಿಸತೊಡಗಿದಾಗ, ಸೂರತ್ ಮತ್ತು ನವಸಾರಿಯ ಕಡೆಯಿಂದ ಬಂದು ಅಲ್ಲಿ ನೆಲೆಸಿದ್ದ ಪಾರ್ಸಿಗಳು 1832ರ ಜೂನ್‌ನಲ್ಲಿ ಪ್ರತಿಭಟನೆಗಿಳಿದರು. ಇತರ ಸಮುದಾಯಗಳೂ ಅವರ ಜೊತೆಗೂಡಿ ನಗರದ ವ್ಯವಹಾರ ಸ್ತಬ್ಧವಾಯಿತು. ಎರಡು ವರ್ಷಗಳ ಬಳಿಕ, 1834ರಲ್ಲಿ, ಪಾರ್ಸಿ ವರ್ತಕ ಜಮ್ಶೇಟ್‌ಜಿ ಜೀಜೀಭಾಯ್ ಮತ್ತು ಗುಜರಾತಿ ವರ್ತಕರು ಸೇರಿ ಮುಂಬಯಿ ಪಾಂಜರಾಪೋಳನ್ನು ಸ್ಥಾಪಿಸಿದರು.

ಆದರೆ ಈ ಪರಂಪರೆಯ ಅತಿ ಕಠಿಣ ಪರೀಕ್ಷೆ ನಡೆದದ್ದು 1926ರ ಅಹಮದಾಬಾದಿನಲ್ಲಿ. ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿ ತಮ್ಮ ಗಿರಣಿಯ ಆವರಣದಲ್ಲಿ ಹುಚ್ಚು ಹಿಡಿಯುವ ಭೀತಿಯಿದ್ದ ಅರವತ್ತು ಬೀದಿನಾಯಿಗಳನ್ನು ಕೊಲ್ಲಿಸಿದಾಗ ನಗರದ ಜೀವದಯಾ ಸಂಸ್ಥೆ ಗಾಂಧೀಜಿಯವರ ಅಭಿಪ್ರಾಯವನ್ನು ಕೇಳಿತು. ಅವರು ಆ ಕೃತ್ಯವನ್ನು ಅನಿವಾರ್ಯವೆಂದು ಸಮರ್ಥಿಸಿ, 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಆ ಕುರಿತು ಲೇಖನಮಾಲೆಯನ್ನೇ ಬರೆದರು. ಒಡೆಯನಿಲ್ಲದ ನಾಯಿ ಬೀದಿಯಲ್ಲಿ ಅಲೆಯುವುದು ಸಮಾಜದ ಅಜ್ಞಾನ ಮತ್ತು ಆಲಸ್ಯದ ಗುರುತೆಂದೂ, ಬೀದಿಗೆ ರೊಟ್ಟಿಯ ಚೂರು ಎಸೆದು ಪುಣ್ಯ ಬಂತೆಂದು ತಿಳಿಯುವುದು ಅಹಿಂಸೆಯಲ್ಲವೆಂದೂ, ಕರುಣೆಯುಳ್ಳವರು ಒಂದೋ ನಾಯಿಯನ್ನು ತಾವೇ ಸಾಕಬೇಕು, ಇಲ್ಲವೇ ಅವುಗಳಿಗೆ ಪಾಂಜರಾಪೋಳ್ ನಡೆಸಬೇಕೆಂದೂ ಅವರು ವಾದಿಸಿದರು. ನಾಯಿ ಸಾಕುವುದು ಪಾಶ್ಚಾತ್ಯರು ರೂಪಿಸಿದ ಒಂದು ಶಾಸ್ತ್ರವೆಂದೂ, ಅದನ್ನು ಕಲಿಯಬೇಕೆಂದೂ ಅವರು ಹೇಳಿದ್ದು ಇಲ್ಲಿ ಮುಖ್ಯವಾಗುತ್ತದೆ. ಕೊಲ್ಲುವುದನ್ನು ಒಪ್ಪಿದ ಅವರ ನಿಲುವನ್ನು ಇಂದಿನ ಕಾನೂನು ಒಪ್ಪುವುದಿಲ್ಲ. ಬೀದಿನಾಯಿಗಳಿಗೆ ಸಂತಾನಶಕ್ತಿಹರಣ ಮತ್ತು ರೇಬೀಸ್ ಲಸಿಕೆಯ ಮಾರ್ಗವನ್ನು 2001ರ ನಿಯಮಗಳು ತೋರಿಸಿದವು, 2023ರ ನಿಯಮಗಳು ಅದನ್ನೇ ಮುಂದುವರಿಸಿದವು. ಆದರೆ ಜ್ಞಾನವಿಲ್ಲದ ದಯೆ ಪ್ರಾಣಿಗೆ ಸಾಲದೆಂಬ ಅವರ ಮಾತು ಅಳಿಯಲಿಲ್ಲ.

ಬೋರ್ಡಿಂಗ್ ಕೇಂದ್ರವನ್ನು ಆರಿಸುವ ಇಂದಿನ ಕುಟುಂಬಕ್ಕೆ ಈ ಇತಿಹಾಸ ಒದಗಿಸುವ ಅಳತೆಗೋಲು ಇದೇ ಆಗಿದೆ. ಸೂರತ್‌ನ ಬೇರೆ ಬೇರೆ ಅಂಗಳಗಳಂತೆ, ಅಂಜುವ ನಾಯಿ ಗದ್ದಲದ ನಾಯಿಗಳಿಂದ ದೂರವಿರಲು ಅಲ್ಲಿ ಜಾಗವಿದೆಯೇ, ಒಳಬರುವ ಪ್ರತಿಯೊಂದು ನಾಯಿಗೂ ರೇಬೀಸ್ ಲಸಿಕೆಯಾಗಿದೆಯೇ, ಅದು ಊಟ ಬಿಟ್ಟರೆ ಅಥವಾ ಮಂಕಾದರೆ ಅಂದೇ ಗುರುತಿಸುವ ಮನುಷ್ಯನಿದ್ದಾನೆಯೇ, ಪಶುವೈದ್ಯರು ಹತ್ತಿರದಲ್ಲಿದ್ದಾರೆಯೇ ಎಂಬ ಪ್ರಶ್ನೆಗಳನ್ನು ಕಟ್ಟಡದ ಅಂದಕ್ಕಿಂತ ಮೊದಲು ಕೇಳಬೇಕಾಗುತ್ತದೆ. ನೆಲೆ ಮತ್ತು ಅನ್ನವನ್ನು ಹಣದಿಂದ ಒದಗಿಸಬಹುದು, ಗುಜರಾತಿನ ಮಹಾಜನರು ಅದನ್ನು ಶತಮಾನಗಳ ಕಾಲ ಉದಾರವಾಗಿ ಒದಗಿಸಿದರು; ತನ್ನವರಿಂದ ಅಗಲಿದ ನಾಯಿ ನೆಮ್ಮದಿಯಿಂದಿರುವುದು ಮಾತ್ರ ಅದನ್ನು ಒಂಟಿ ಜೀವವೆಂದು ಗುರುತಿಸಿ, ದಿನವೂ ಗಮನಿಸುವವರು ಇರುವಲ್ಲಿಯೇ.