ಗೊಟ್ಟಿಂಗೆನ್ ವಿದ್ಯಾಪೀಠದ ಯಂತ್ರಭೌತಶಾಸ್ತ್ರವೂ ಅದರ ಶಿಷ್ಯಪರಂಪರೆಯೂ

ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳನ್ನೋದಿದ ನಮ್ಮಂಥವರಿಗೆ ಶಾಸ್ತ್ರವೆಂದರೆ ಗ್ರಂಥವು. ಗ್ರಂಥವೆಂದರೆ ಗುರುಮುಖದಿಂದ ಬಂದ ಪಾಠವು. ಕಮ್ಮಾರನ ಕುಲುಮೆಯಲ್ಲಿಯೂ ಬಡಗಿಯ ಉಳಿಯಲ್ಲಿಯೂ ಶಾಸ್ತ್ರವುಂಟೆಂದು ಬಾಯಿಂದ ಒಪ್ಪಿದರೂ, ಅವರಿಗೆ ಪಂಡಿತರ ಪಂಕ್ತಿಯಲ್ಲಿ ಮಣೆ ಹಾಕುವಾಗ ನಮ್ಮ ಮನಸ್ಸು ಹಿಂಜರಿಯುವುದುಂಟು. ಈ ಹಿಂಜರಿಕೆಯು ನಮ್ಮ ದೇಶಕ್ಕೆ ಮಾತ್ರವೇ ಸೇರಿದುದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯಲ್ಲಿಯೂ ಇದರ ಸಲುವಾಗಿ ದೊಡ್ಡ ವಾದವೇ ನಡೆಯಿತು. ಇಂದು ವಿಶ್ವವಿದ್ಯಾಲಯಗಳಲ್ಲಿ ಇಂಜಿನಿಯರಿಂಗ್ ಭೌತಶಾಸ್ತ್ರವೆಂಬ ಹೆಸರಿನಿಂದ ನಡೆಯುವ ಉನ್ನತ ವ್ಯಾಸಂಗದ ಒಂದು ಮುಖ್ಯವಾದ ಬೇರು ಆ ವಾದದಲ್ಲಿರುವುದು.

ಆಗ ಜರ್ಮನಿಯ ಉನ್ನತ ವಿದ್ಯಾಲಯಗಳು ಎರಡು ಬಗೆಯವಾಗಿದ್ದುವು. ಒಂದು, ಶತಮಾನಗಳಿಂದ ಬಂದ ವಿಶ್ವವಿದ್ಯಾಲಯ. ಇನ್ನೊಂದು, ಸೇತುವೆ ಯಂತ್ರಗಳ ನಿರ್ಮಾಣವನ್ನು ಕಲಿಸುವ ತಾಂತ್ರಿಕ ಮಹಾವಿದ್ಯಾಲಯ. ಡಾಕ್ಟರ್ ಪದವಿಯನ್ನು ಕೊಡುವ ಅಧಿಕಾರವು ಮೊದಲನೆಯದಕ್ಕೆ ಮಾತ್ರ ಇದ್ದಿತು. ೧೮೯೯ರಲ್ಲಿ ಪ್ರಷ್ಯಾದ ದೊರೆಯಾದ ಎರಡನೆಯ ವಿಲ್‌ಹೆಲ್ಮನು ತನ್ನ ರಾಜ್ಯದ ತಾಂತ್ರಿಕ ಮಹಾವಿದ್ಯಾಲಯಗಳಿಗೂ ಆ ಅಧಿಕಾರವನ್ನು ದಯಪಾಲಿಸಿದನು. ಆದರೆ ಹಳೆಯ ಪದವಿಯೊಡನೆ ಹೊಸದು ಬೆರೆತುಹೋಗದಂತೆ, ಇದರ ಹೆಸರನ್ನು ಲ್ಯಾಟಿನ್ನಿನಲ್ಲಿ ಬರೆಯದೆ ಜರ್ಮನ್ ಲಿಪಿಯಲ್ಲಿಯೇ ಬರೆಯತಕ್ಕದ್ದೆಂದು ಕಟ್ಟಳೆಯಾಯಿತು. ಪಂಕ್ತಿಭೇದವು ಲಿಪಿಯಲ್ಲಿಯೂ ಉಳಿಯಿತೆಂದು ನಗಬಹುದು. ನಗುವ ಅಧಿಕಾರ ನಮಗಿದೆಯೆ ಎಂಬುದು ಬೇರೆಯ ಮಾತು.

ಬವೇರಿಯ ರಾಜ್ಯದಲ್ಲಿ ಇಷ್ಟೂ ಇನ್ನೂ ಆಗಿರಲಿಲ್ಲ. ೧೮೭೫ರಲ್ಲಿ ಫ್ರೈಸಿಂಗ್ ಎಂಬ ಊರಿನಲ್ಲಿ ಜನಿಸಿದ ಲುಡ್ವಿಗ್ ಪ್ರಾಂಟ್ಲ್ ಎಂಬುವರು ಮ್ಯೂನಿಕ್ಕಿನ ತಾಂತ್ರಿಕ ಮಹಾವಿದ್ಯಾಲಯದಲ್ಲಿ ಆಗಸ್ಟ್ ಫ್ಯೋಪಲ್ ಎಂಬ ಗುರುಗಳ ಬಳಿ ಓದಿದರು. ಭಾರವನ್ನು ಹೊತ್ತ ತೊಲೆಯು ಪಕ್ಕಕ್ಕೆ ಮಗುಚಿಕೊಳ್ಳುವ ಬಗೆಯನ್ನು ಕುರಿತು ಪ್ರಬಂಧವನ್ನು ಬರೆದರು. ಆದರೆ ಪದವಿಗಾಗಿ, ೧೯೦೦ರಲ್ಲಿ, ಅದೇ ಊರಿನ ವಿಶ್ವವಿದ್ಯಾಲಯದ ಬಾಗಿಲಿಗೆ ಹೋಗಬೇಕಾಯಿತು. ವಿದ್ಯೆ ಕಲಿತದ್ದು ಒಂದು ಮನೆಯಲ್ಲಿ, ಮುದ್ರೆ ಬಿದ್ದದ್ದು ಇನ್ನೊಂದು ಮನೆಯಲ್ಲಿ.

ಈ ಎರಡು ಮನೆಗಳ ನಡುವಣ ಗೋಡೆಯಲ್ಲಿ ಬಾಗಿಲು ತೆಗೆಯಹೊರಟವರು ಫೆಲಿಕ್ಸ್ ಕ್ಲೈನ್. ಇವರು ಗೊಟ್ಟಿಂಗೆನ್ ವಿಶ್ವವಿದ್ಯಾಲಯದಲ್ಲಿ ೧೮೮೬ರಿಂದ ಗಣಿತದ ಆಚಾರ್ಯರಾಗಿದ್ದವರು, ಶುದ್ಧಗಣಿತದಲ್ಲಿ ಮಹಾಪಂಡಿತರು. ೧೮೯೩ರಲ್ಲಿ ಚಿಕಾಗೋ ನಗರದ ವಸ್ತುಪ್ರದರ್ಶನದ ಕಾಲಕ್ಕೆ ಅಮೇರಿಕಕ್ಕೆ ಹೋಗಿ, ಅಲ್ಲಿ ಧನಿಕರ ದ್ರವ್ಯದಿಂದ ವಿದ್ಯಾಲಯಗಳು ಬೆಳೆಯುತ್ತಿದ್ದುದನ್ನು ಕಂಡು ಬಂದರು. ೧೮೯೮ರಲ್ಲಿ ಬ್ಯೊಟಿಂಗರ್ ಎಂಬ ಉದ್ಯಮಿಯ ಸಹಾಯದಿಂದ ಅನ್ವಿತ ಭೌತಶಾಸ್ತ್ರವನ್ನು ಬೆಳೆಸುವುದಕ್ಕಾಗಿ ಗೊಟ್ಟಿಂಗೆನ್ ಸಂಘವೊಂದನ್ನು ಕಟ್ಟಿದರು. ಕಾರ್ಖಾನೆಯವರ ಹಣ, ವಿಶ್ವವಿದ್ಯಾಲಯದ ಪಾಂಡಿತ್ಯ, ಇವೆರಡರ ಕೂಟವೇ ಆ ಸಂಘವು. ವಿರೋಧವು ಎರಡು ಕಡೆಯಿಂದಲೂ ಬಂದಿತು. ಯಂತ್ರದ ಎಣ್ಣೆ ಮಸಿಗಳು ಶಾಸ್ತ್ರಕ್ಕೆ ತಗುಲುವುವೆಂದು ಶಾಸ್ತ್ರಿಗಳು ಅಳುಕಿದರು. ಇಂಜಿನಿಯರುಗಳ ಕೋಪವಾದರೋ ಇನ್ನೂ ಹೆಚ್ಚಿನದು: ತಾಂತ್ರಿಕ ವಿದ್ಯೆಯ ಸೇನಾಪತಿಗಳನ್ನು ವಿಶ್ವವಿದ್ಯಾಲಯವೇ ತಯಾರಿಸಿ, ತಮ್ಮ ಪಾಲಿಗೆ ಕಾಲಾಳುಗಳನ್ನು ಮಾತ್ರ ಬಿಡುವುದೆಂದು ಅವರು ಶಂಕಿಸಿದರು. ಆ ಶಂಕೆಯು ನಿರಾಧಾರವಾಗಿರಲಿಲ್ಲವೆಂದೇ ನನ್ನ ಅಭಿಪ್ರಾಯ. ಕ್ಲೈನರು ಬಾಗಿಲು ತೆರೆದರು ನಿಜ. ಆದರೆ ಅದರ ಬೀಗದ ಕೈಯನ್ನು ತಮ್ಮ ಸೊಂಟದಲ್ಲಿಯೇ ಇಟ್ಟುಕೊಳ್ಳುವ ಇಚ್ಛೆ ಅವರಿಗಿದ್ದಿತು.

ಇತ್ತ ಪ್ರಾಂಟ್ಲರು ಪದವಿ ಪಡೆದು ನ್ಯೂರೆಂಬರ್ಗಿನ ಯಂತ್ರದ ಕಾರ್ಖಾನೆಯೊಂದನ್ನು ಸೇರಿದ್ದರು. ಮರದ ಹೊಟ್ಟನ್ನು ಗಾಳಿಯಿಂದ ಹೀರಿ ಸಾಗಿಸುವ ಉಪಕರಣವನ್ನು ಸುಧಾರಿಸುವ ಕೆಲಸ ಅವರಿಗೆ ಬಂದಿತು. ಕ್ರಮವಾಗಿ ಅಗಲವಾಗುತ್ತ ಹೋಗುವ ಕೊಳವೆಯಲ್ಲಿ ಗಾಳಿಯ ವೇಗವು ಇಳಿದು ಒತ್ತಡವು ಏರಬೇಕೆಂಬುದು ಶಾಸ್ತ್ರದ ಮಾತು. ಏರಲಿಲ್ಲ. ಗಾಳಿಯು ಗೋಡೆಯನ್ನು ಬಿಟ್ಟು ದೂರ ಸರಿಯುತ್ತಿದ್ದಿತು. ಉಪಕರಣವನ್ನೇನೋ ಸರಿಪಡಿಸಿಕೊಟ್ಟರು, ಆದರೆ ಗಾಳಿಯು ಗೋಡೆಯನ್ನೇಕೆ ಬಿಟ್ಟಿತೆಂಬ ಪ್ರಶ್ನೆ ಅವರನ್ನು ಬಿಡಲಿಲ್ಲ.

ಈ ಪ್ರಶ್ನೆಯ ಹಿಂದೆ ಹಳೆಯದೊಂದು ಅವಮಾನವಿದ್ದಿತು. ಘರ್ಷಣೆಯಿಲ್ಲದ ದ್ರವದಲ್ಲಿ ಸಮವೇಗದಿಂದ ಸಾಗುವ ವಸ್ತುವಿಗೆ ಯಾವ ಪ್ರತಿರೋಧವೂ ಆಗದೆಂದು ಹದಿನೆಂಟನೆಯ ಶತಮಾನದಲ್ಲಿಯೇ ದಲಂಬೇರ್ ಎಂಬ ಫ್ರೆಂಚ್ ಪಂಡಿತರು ಗಣಿತದಿಂದ ತೋರಿಸಿದ್ದರು. ನೀರಿನ ಘರ್ಷಣೆಯೋ ಅತ್ಯಲ್ಪ. ಆದರೂ ಹೊಳೆಯಲ್ಲಿ ದೋಣಿಗೆ ಹುಟ್ಟು ಹಾಕಿದವನಿಗೆಲ್ಲ ಪ್ರತಿರೋಧದ ಅನುಭವವುಂಟು. ಹೀಗಾಗಿ ಗಣಿತಜ್ಞರ ದ್ರವಶಾಸ್ತ್ರವೊಂದು, ಕಾಲುವೆ ಕಟ್ಟುವವರ ದ್ರವಶಾಸ್ತ್ರವೊಂದು ಎಂದು ಎರಡಾಗಿ, ಒಂದರ ಮಾತು ಇನ್ನೊಂದಕ್ಕೆ ಕೇಳಿಸದಂತಾಗಿದ್ದಿತು.

೧೯೦೧ರಲ್ಲಿ ಹ್ಯಾನೋವರಿನ ತಾಂತ್ರಿಕ ಮಹಾವಿದ್ಯಾಲಯದಲ್ಲಿ ಆಚಾರ್ಯರಾದ ಪ್ರಾಂಟ್ಲರು ಕೈಯಿಂದ ತಿರುಗಿಸುವ ನೀರಿನ ದೋಣಿಯೊಂದನ್ನು ಮಾಡಿಸಿ, ಮಿನುಗುವ ಖನಿಜದ ಸಣ್ಣ ಚೂರುಗಳನ್ನು ನೀರಿನಲ್ಲಿ ತೇಲಿಬಿಟ್ಟು ಪ್ರವಾಹದ ಗತಿಯನ್ನು ಕಣ್ಣಾರೆ ಕಂಡರು. ೧೯೦೪ರ ಆಗಸ್ಟಿನಲ್ಲಿ ಹೈಡೆಲ್‌ಬರ್ಗಿನ ಗಣಿತಜ್ಞರ ಮಹಾಸಭೆಯಲ್ಲಿ ಹತ್ತು ನಿಮಿಷದ ಉಪನ್ಯಾಸದಲ್ಲಿ ತಮ್ಮ ಉತ್ತರವನ್ನು ಹೇಳಿದರು: ಘರ್ಷಣೆಯ ಪ್ರಭಾವವೆಲ್ಲವೂ ವಸ್ತುವಿನ ಮೈಗಂಟಿದ ಅತಿ ತೆಳುವಾದ ಒಂದು ಪದರದಲ್ಲಿಯೇ ಅಡಗಿರುವುದು, ಅದರ ಹೊರಗೆ ಗಣಿತಜ್ಞರ ಘರ್ಷಣೆಯಿಲ್ಲದ ಪ್ರವಾಹವೇ ಸತ್ಯ. ಪದರವು ಗೋಡೆಯಿಂದ ಬಿಡಿಸಿಕೊಂಡರೆ ಸುಳಿಗಳುಂಟಾಗಿ ಪ್ರತಿರೋಧವು ಹೆಚ್ಚುವುದು. ಇಬ್ಬರ ಮಾತೂ ನಿಜವೆಂದು ಒಂದೇ ಪದರವು ತೋರಿಸಿತು. ಅಚ್ಚಿನಲ್ಲಿ ಇದು ಎಂಟೇ ಪುಟ.

ಅದೇ ವರ್ಷ ಕ್ಲೈನರು ಪ್ರಾಂಟ್ಲರನ್ನು ಗೊಟ್ಟಿಂಗೆನ್ನಿಗೆ ಕರೆತಂದರು. ಹ್ಯಾನೋವರಿನ ಪೂರ್ಣಾಚಾರ್ಯ ಪದವಿಯನ್ನು ಬಿಟ್ಟು, ಇವರು ಇಲ್ಲಿ ಕೆಳಗಿನ ದರ್ಜೆಗೆ ಬಂದರೆಂಬುದು ಗಮನಾರ್ಹ. ಜೊತೆಗೆ ಕಾರ್ಲ್ ರೂಂಗೆ ಎಂಬುವರು ಅನ್ವಿತ ಗಣಿತದ ಆಚಾರ್ಯರಾಗಿ ಬಂದರು. ಇಲ್ಲಿ ಡಾಕ್ಟರ್ ಪದವಿಗಾಗಿ ಬಂದ ಶಿಷ್ಯನು ಸಮೀಕರಣವನ್ನೂ ಬಿಡಿಸಬೇಕು, ಉಪಕರಣವನ್ನೂ ಕಟ್ಟಬೇಕು. ಪ್ರಾಂಟ್ಲರು ಉತ್ತಮ ವಾಗ್ಮಿಗಳಲ್ಲ. ಯಾವ ಮಾತನ್ನಾದರೂ ಹತ್ತು ಕಡೆ ತಿದ್ದದೆ ಮುಗಿಸುವವರಲ್ಲವೆಂದು ಶಿಷ್ಯರೇ ಹೇಳಿರುವರು. ಅವರ ಪಾಠವೆಲ್ಲವೂ ಪ್ರಯೋಗದ ಮೇಜಿನ ಬಳಿಯಲ್ಲಿ.

ಮೊದಲ ಶಿಷ್ಯರಲ್ಲೊಬ್ಬರಾದ ಬ್ಲಾಸಿಯುಸರು ಚಪ್ಪಟೆಯಾದ ಹಲಗೆಯ ಮೇಲಣ ಪದರದ ಘರ್ಷಣೆಯನ್ನು ಲೆಕ್ಕಮಾಡಿದರು. ಗುರುಗಳು ಸ್ಥೂಲವಾಗಿ ೧.೧ ಎಂದಿದ್ದ ಗುಣಕವು ಶಿಷ್ಯನ ಎಣಿಕೆಯಲ್ಲಿ ಸುಮಾರು ೧.೩೩ ಆಯಿತು. ಅದು ೧೯೦೮ರಲ್ಲಿ ಪ್ರಕಟವಾಯಿತು. ಶಿಷ್ಯನಿಂದ ಸೋಲುವುದೇ ಗುರುವಿನ ಗೆಲವೆಂದು ನಮ್ಮ ಹಿರಿಯರೂ ಹೇಳುವರಷ್ಟೆ.

ಇನ್ನೊಂದು ಪ್ರಸಂಗವು ಸ್ವಾರಸ್ಯವಾದುದು. ಹೀಮೆಂಟ್ಸ್ ಎಂಬ ವಿದ್ಯಾರ್ಥಿಯು ನೀರಿನಲ್ಲಿ ಉರುಳೆಯೊಂದನ್ನು ನಿಲ್ಲಿಸಿ ಅದರ ಸುತ್ತಣ ಪ್ರವಾಹವನ್ನು ಅಳೆಯುತ್ತಿದ್ದನು. ಪ್ರವಾಹವು ಸ್ಥಿರವಾಗದೆ ಅತ್ತಿತ್ತ ತೂಗುತ್ತಿತ್ತು. ಉರುಳೆ ದುಂಡಗಿಲ್ಲವೆಂದರು, ನಯಗೊಳಿಸಿದನು. ಕಾಲುವೆ ಸಮವಾಗಿಲ್ಲವೆಂದರು, ಸರಿಪಡಿಸಿದನು. ತೂಗಾಟ ನಿಲ್ಲಲಿಲ್ಲ. ಹಂಗೆರಿಯಿಂದ ೧೯೦೬ರಲ್ಲಿ ಬಂದು ೧೯೦೮ರಲ್ಲಿ ಪದವಿ ಪಡೆದಿದ್ದ ಥಿಯೋಡರ್ ಫಾನ್ ಕಾರ್ಮನ್ನರು ದಿನವೂ ಮುಂಜಾನೆ ಪ್ರವಾಹವು ಸ್ಥಿರವಾಯಿತೆ ಎಂದು ವಿಚಾರಿಸುವರು. ಇಲ್ಲವೆಂಬ ದೀನವಾದ ಉತ್ತರವೇ ದಿನವೂ. ದೋಷವು ಉಪಕರಣದ್ದಲ್ಲ, ಪ್ರಕೃತಿಯ ಸ್ವಭಾವವೇ ಹಾಗೆಂದು ಬಗೆದು ಕಾರ್ಮನ್ನರು ಲೆಕ್ಕಕ್ಕೆ ಕುಳಿತರು. ಉರುಳೆಯ ಹಿಂದೆ ಸುಳಿಗಳು ಎಡಕ್ಕೊಂದು ಬಲಕ್ಕೊಂದು ಸರದಿಯಾಗಿ ಸಾಲುಗೊಳ್ಳುವುವೆಂದು ೧೯೧೧ರಲ್ಲಿ ಪ್ರಕಟಿಸಿದರು. ಆ ಸುಳಿಸಾಲಿಗೆ ಕಾರ್ಮನ್ನರ ಹೆಸರೇ ನಿಂತಿತು. ದಿನವೂ ಇಲ್ಲವೆಂದು ತಲೆತಗ್ಗಿಸಿದ ಹೀಮೆಂಟ್ಸನ ಹೆಸರನ್ನೂ ಇಲ್ಲಿ ಬರೆದಿಡುವುದು ನ್ಯಾಯವೆಂದು ತೋರಿತು.

ಈ ವಿದ್ಯಾಪೀಠದ ಉತ್ತರಚರಿತ್ರೆಯಲ್ಲಿ ಕತ್ತಲೆಯೂ ಉಂಟು. ೧೯೩೩ರಲ್ಲಿ ನಾಜಿ ಸರ್ಕಾರವು ಬಾರ್ನ್, ಕೌರಂಟ್, ನೋಯ್ತರ್ ಮೊದಲಾದ ಯಹೂದ್ಯ ವಿದ್ವಾಂಸರನ್ನು ಗೊಟ್ಟಿಂಗೆನ್ನಿನಿಂದ ಹೊರಗಟ್ಟಿತು. ಪ್ರಾಂಟ್ಲರು ಅಲ್ಲಿಯೇ ಉಳಿದರು. ಅವರ ಪ್ರಯೋಗಶಾಲೆಯು ಆ ಸರ್ಕಾರದ ವಿಮಾನಗಳಿಗೆ ನೆರವಾಯಿತು. ಇದನ್ನು ಮರೆಮಾಚಿದರೆ ಬರೆದದ್ದು ಸ್ತೋತ್ರವಾದೀತು, ಚರಿತ್ರೆಯಾಗದು.

ಯಹೂದ್ಯ ಕುಲದವರಾದ ಕಾರ್ಮನ್ನರು ಅದಕ್ಕೆ ಮೊದಲೇ, ೧೯೩೦ರಲ್ಲಿ, ಅಮೇರಿಕದ ಪ್ಯಾಸಡೀನಾದಲ್ಲಿರುವ ಕ್ಯಾಲಿಫೋರ್ನಿಯ ತಾಂತ್ರಿಕ ವಿದ್ಯಾಸಂಸ್ಥೆಗೆ ಹೋಗಿ ನೆಲಸಿದ್ದರು. ಬರ್ಲಿನ್ನಿನಲ್ಲಿ ಹುಟ್ಟಿ ಜ್ಯೂರಿಕ್ಕಿನಲ್ಲಿ ಪದವಿ ಪಡೆದ ಹಾನ್ಸ್ ಲೀಪ್‌ಮನ್ನರು ೧೯೩೯ರಲ್ಲಿ ಅವರ ಬಳಿ ಬಂದರು. ಆ ಲೀಪ್‌ಮನ್ನರ ಶಿಷ್ಯರಾದವರು ಸತೀಶ ಧವನರು. ಲಾಹೋರಿನಲ್ಲಿ ಗಣಿತ, ಭೌತಶಾಸ್ತ್ರ, ಆಂಗ್ಲಸಾಹಿತ್ಯ, ಯಂತ್ರಶಿಲ್ಪ, ಇಷ್ಟನ್ನೂ ಓದಿ ಸಮುದ್ರ ದಾಟಿದ ಇವರು ತಮ್ಮ ಪ್ರಬಂಧಕ್ಕೆ ಆರಿಸಿಕೊಂಡ ವಿಷಯವು ಆ ಹಳೆಯ ಪದರದ ಘರ್ಷಣೆಯೇ. ಗೋಡೆಯ ಒಂದು ಚಿಕ್ಕ ತುಂಡನ್ನು ಸುತ್ತಲೂ ಕೂದಲೆಳೆಯಂಥ ಸಂದು ಬಿಟ್ಟು ಪ್ರತ್ಯೇಕಿಸಿ, ಗಾಳಿಯು ಅದನ್ನು ಎಷ್ಟು ಸರಿಸುವುದೆಂಬುದನ್ನು ವಿದ್ಯುದುಪಕರಣದಿಂದ ಅಳೆದರು. ಬ್ಲಾಸಿಯುಸರು ಕಾಗದದ ಮೇಲೆ ಕಂಡುದನ್ನು ಧವನರು ಗೋಡೆಯ ಮೇಲೆಯೇ ತೂಗಿ ನೋಡಿದರು.

೧೯೫೧ರಲ್ಲಿ ಡಾಕ್ಟರ್ ಪದವಿಯನ್ನು ಪಡೆದ ಧವನರು ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದು ಸೇರಿದರು. ಮೈಸೂರು ವಿಶ್ವವಿದ್ಯಾಲಯದಿಂದ ೧೯೫೩ರಲ್ಲಿ ಇಂಜಿನಿಯರಿಂಗ್ ಪದವಿ ಪಡೆದ ರೊದ್ದಂ ನರಸಿಂಹರು ಅವರ ಬಳಿ ಶಿಷ್ಯರಾಗಿ ನಿಂತರು. ಬಳಿಕ ತಾವೂ ಪ್ಯಾಸಡೀನಾಕ್ಕೆ ಹೋಗಿ ಲೀಪ್‌ಮನ್ನರಲ್ಲಿಯೇ ೧೯೬೧ರಲ್ಲಿ ಡಾಕ್ಟರ್ ಪದವಿ ಪಡೆದರು. ಆದರೆ ಅದಕ್ಕೆ ಮುಂಚೆಯೇ, ೧೯೫೮ರಲ್ಲಿ, ಧವನರೂ ನರಸಿಂಹರೂ ಜೊತೆಯಾಗಿ ಬರೆದ ಲೇಖನವೊಂದು ಇಂಗ್ಲೆಂಡಿನ ದ್ರವಶಾಸ್ತ್ರ ಪತ್ರಿಕೆಯಲ್ಲಿ ಅಚ್ಚಾಗಿದ್ದಿತು. ಗೋಡೆಗಂಟಿದ ಆ ತೆಳುಪದರದ ಪ್ರವಾಹವು ನೆಮ್ಮದಿಯ ಗತಿಯಿಂದ ಕ್ಷುಬ್ಧವಾದ ಗತಿಗೆ ತಿರುಗುವಾಗ ನಡುವೆ ಏನಾಗುವುದೆಂಬುದೇ ಅದರ ವಿಷಯವು.